ಆ ಒಂದು ದಿನ ಬಿಟ್ಟು

ನನ್ನ ಅಕ್ಕನ ಮಗ ಕೊಲೆಗಾರ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅರ್ಧ ಕಥೆ ಕೇಳಿದ ಮೇಲೆ ಯಾರೋ ಬಂದು ನಿಮ್ಮ ಕಿವಿ ಕಚ್ಚಿ, ನೀವು ಇದ್ದಕ್ಕಿದ್ದಂತೆ ಏನೋ ಕೆಲಸ ನೆನಪಾಯಿತು ಎಂದು ಏಳುವುದು ಬೇಡ. ಹಾಗೆ ಎದ್ದುಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವರ ಜಾಗದಲ್ಲಿ ನಾನಿದ್ದರೆ ಇನ್ನೂ ಬೇಗ ಎದ್ದಿರುತ್ತಿದ್ದೆ.

ಮನೆಯಲ್ಲಿ ಅವನನ್ನು ದೊರೆ ಎಂದು ಕರೆಯುತ್ತಿದ್ದೆವು. ಹತ್ತು ಸಲ ಎಬ್ಬಿಸದೆ ಏಳುತ್ತಿರಲಿಲ್ಲ, ಎದ್ದರೂ ಕಾಫಿ ತಾನಾಗಿ ನಡೆದು ಬಂದು ಕೈಸೇರಲಿ ಎಂದು ಕಾಯುತ್ತ ಕೂತಿರುತ್ತಿದ್ದ. ಭಾವ ತೀರಿಕೊಂಡಾಗ ಅವನಿಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಅಕ್ಕ ಶಿಶುವಿಹಾರದಲ್ಲಿ ಬೇರೆಯವರ ಮಕ್ಕಳ ಮೂಗು ಒರೆಸಿ, ಆ ಸಂಬಳದಲ್ಲಿ ಈ ಮಗನನ್ನು ದೊಡ್ಡವನನ್ನಾಗಿ ಮಾಡಿದಳು. ದೊಡ್ಡವನಾಗಿ ಹಾಸಿಗೆ ಕಾರ್ಖಾನೆಯಲ್ಲಿ ಫೋಮ್ ಕತ್ತರಿಸುವ ಕೆಲಸಕ್ಕೆ ಸೇರಿದ. ಸಂಜೆ ಮನೆಗೆ ಬಂದರೆ ತಲೆ ತುಂಬ ಫೋಮಿನ ಪುಡಿ. ಅಕ್ಕ ಬಾಗಿಲಲ್ಲೇ ನಿಲ್ಲಿಸಿ, ನೆತ್ತಿಗೊಂದು ಮೊಟಕಿ, ಟವೆಲಿನಿಂದ ಕೊಡವಿದ ಮೇಲೇ ಒಳಗೆ ಬಿಡುತ್ತಿದ್ದಳು.

ಒಂದು ಮಧ್ಯಾಹ್ನ ಈ ದೊರೆ ಪ್ಯಾಕಿಂಗ್ ಹಾಲಿಗೆ ಹೋಗಿ, ಷಟರ್ ಎಳೆದು, ಒಳಗಿನಿಂದ ಬೀಗ ಹಾಕಿ, ಅಂಟಿನ ಡಬ್ಬಗಳಿಗೆ ಬೆಂಕಿ ಇಟ್ಟ. ಒಳಗೆ ಆರು ಜನ ಇದ್ದರು. ಆರೂ ಜನ ಸತ್ತರು, ಅವನೂ ಸತ್ತ. ಆ ಆರು ಜನರಲ್ಲಿ ಒಬ್ಬ, ಬಸ್ಸಿನಲ್ಲಿ ದಿನಾ ಇವನಿಗಾಗಿ ಸೀಟು ಹಿಡಿದಿಡುತ್ತಿದ್ದವನು. ಒಬ್ಬಾಕೆ ಬಸುರಿ. ಯಾಕೆ ಮಾಡಿದ ಎಂದು ಪೊಲೀಸರು ಕೇಳಿದರು, ಟಿವಿಯವರು ಕೇಳಿದರು, ನಾವೂ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಮೇಸ್ತ್ರಿ ಎಲ್ಲರೆದುರು ಬೈದಿದ್ದನಂತೆ. ಬೈಸಿಕೊಂಡವರೆಲ್ಲ ಬೆಂಕಿ ಇಡುವುದಾಗಿದ್ದರೆ, ನಾನು ಪ್ಯಾಂಟುಗಳ ಉದ್ದ ಕಡಿಮೆ ಮಾಡಿಕೊಡುವ ಬಟ್ಟೆ ಅಂಗಡಿ ಯಾವತ್ತೋ ಬೂದಿಯಾಗಬೇಕಿತ್ತು. ನಿಜವಾದ ಕಾರಣ ಏನಿತ್ತೋ, ಅದು ಅವನ ಜೊತೆಗೇ ಹೋಯಿತು.

ಮರುದಿನದ ಪತ್ರಿಕೆಯಲ್ಲಿ ಮುಖಪುಟದ ತುಂಬ ಅವನೇ. ‘ಸರಣಿ ಹಂತಕನ ಅಟ್ಟಹಾಸ: ಆರು ಮಂದಿ ಬಲಿ’ ಎಂದು ನನ್ನ ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರು. ಅಟ್ಟಹಾಸವಂತೆ. ಜನರೆದುರು ಜೋರಾಗಿ ಸೀನುವುದಕ್ಕೂ ನಾಚುತ್ತಿದ್ದ ಹುಡುಗ. ಆದರೆ ಆ ಹೊತ್ತಿನಲ್ಲಿ ನಮ್ಮ ಕಣ್ಣಿಗೆ ಯಾವ ಪದವೂ ಬೀಳುವ ಸ್ಥಿತಿ ಇರಲಿಲ್ಲ. ಹೆಣವನ್ನು ಕೊಡುತ್ತಾರೋ ಇಲ್ಲವೋ, ಕೊಟ್ಟರೆ ಎಲ್ಲಿಗೆ ಒಯ್ಯುವುದು, ಹೊರಲು ಯಾರು ಬರುತ್ತಾರೆ ಎನ್ನುವುದರಲ್ಲೇ ನಮ್ಮ ಪ್ರಾಣ ಹೋಗುತ್ತಿತ್ತು.

ಸರಣಿ ಎನ್ನುವ ಆ ಪದ ನಮ್ಮ ಮನೆಯೊಳಗೆ ಬಂದದ್ದು ಶಿಶುವಿಹಾರದ ಮೇಲ್ವಿಚಾರಕಿಯ ಬಾಯಿಂದ. ಅಕ್ಕನ ಚಪ್ಪಲಿ, ಡಬ್ಬಿ, ಏಪ್ರನ್ ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಬಂದು ಹೊಸ್ತಿಲ ಹೊರಗೇ ನಿಂತು ಕೊಟ್ಟಳು. ಇನ್ನು ಕೆಲಸಕ್ಕೆ ಬರುವುದು ಬೇಡ ಎನ್ನುವುದನ್ನು ಸುತ್ತಿ ಬಳಸಿ ಹೇಳಿದಳು. ಹೋಗುವ ಮುಂಚೆ ತಡೆಯಲಾರದೆ ಕೇಳಿಯೇಬಿಟ್ಟಳು.

“ಸರಣಿ ಹಂತಕ ಅಂದ್ರೆ ವರ್ಷಗಟ್ಟಲೆಯಿಂದ ಮಾಡ್ತಿರ್ತಾರೆ. ಒಂದೇ ಮನೇಲಿ ಇದ್ಕೊಂಡು ನಿಮಗೆ ಗೊತ್ತಾಗ್ಲೇ ಇಲ್ವಾ?”

ಅಕ್ಕ ಕವರನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಬಾಗಿಲು ಹಾಕಿದ್ದು ನಾನು, ಸ್ವಲ್ಪ ಜೋರಾಗಿಯೇ ಹಾಕಿದೆ.

ಅವತ್ತಿನಿಂದ ಬೀದಿಯಲ್ಲಿ ಕಿವಿಗೊಟ್ಟರೆ ಅದೇ ಪದ. ಹಾಲಿನ ಅಂಗಡಿಯಲ್ಲಿ, ಮೆಟ್ಟಿಲ ಮೇಲೆ, ನಲ್ಲಿಯ ಹತ್ತಿರ. ಹಿಂದೆ ಎಲ್ಲೋ ಕಳೆದುಹೋದವರು, ಎಂದೋ ಬಾವಿಯಲ್ಲಿ ಸಿಕ್ಕಿದವರು, ಎಲ್ಲರೂ ಒಬ್ಬೊಬ್ಬರಾಗಿ ನಮ್ಮ ದೊರೆಯ ಲೆಕ್ಕಕ್ಕೆ ಬಂದು ಸೇರತೊಡಗಿದರು. ಎದುರುಮನೆಯವರ ಬೆಕ್ಕು ಕಾಣೆಯಾಗಿದ್ದಕ್ಕೂ ಅವನೇ ಕಾರಣ ಎಂದು ಅವರ ಸೊಸೆ ಹೇಳಿದಳಂತೆ. ನನಗೆ ಅದನ್ನು ಕೇಳಿ ನಗು ಬಂತು, ನಕ್ಕೆ, ನಗುತ್ತಲೇ ಅಡುಗೆಮನೆಯ ಕಟ್ಟೆಗೆ ಒರಗಿ ಅತ್ತೆ.

ಹೀಗಿರುವಾಗ ಒಂದು ಸಂಜೆ, ಆಮೇಲೆ ನಾವು ಬೇಕರಿಯಾಕೆ ಎಂದು ಕರೆಯತೊಡಗಿದವಳು ಬಂದಳು.

ಬಾಗಿಲು ತೆರೆದರೆ ನನ್ನ ವಯಸ್ಸಿನವಳೊಬ್ಬಳು ನಿಂತಿದ್ದಳು. ಹುಬ್ಬಿನ ಮೇಲೆ ಮೈದಾ ಹಿಟ್ಟು ಅಂಟಿತ್ತು, ಕೈಯಲ್ಲಿ ಬ್ರೆಡ್ಡಿನ ಪೊಟ್ಟಣ. ಸತ್ತ ಆರು ಜನರ ಪೈಕಿ ಯಾರದೋ ಮನೆಯವಳು ಎಂದುಕೊಂಡು ನಾನು ಬಾಗಿಲನ್ನು ಅರ್ಧ ಮುಚ್ಚಿದೆ. ಆಕೆ ಅದನ್ನು ಗಮನಿಸಿರಬೇಕು.

“ಜಗಳಕ್ಕೆ ಬಂದಿಲ್ಲ. ಒಂದು ಮಾತು ಕೇಳೋಕೆ ಬಂದೆ” ಎಂದಳು. ಬ್ಲೌಸಿನೊಳಗಿಂದ ಒಂದು ಫೋಟೋ ತೆಗೆದು ಅಕ್ಕನ ಮುಂದೆ ಹಿಡಿದಳು. “ಇವ್ಳು ನನ್ನ ಮಗಳು. ಹೋದ ವರ್ಷ ದೊಡ್ಡ ಗಾಳಿ ಬೀಸಿತ್ತಲ್ಲ, ಅವತ್ತು ಗೆಳತಿಗೆ ಕೊಡೆ ವಾಪಸ್ ಕೊಟ್ಟು ಬರ್ತೀನಿ ಅಂತ ಹೋದವ್ಳು ಬರ್ಲೇ ಇಲ್ಲ. ನಿಮ್ಮ ಮಗ ಏನಾದ್ರೂ ಇವಳ ವಿಷಯ ಹೇಳಿದ್ನಾ?”

ನನಗೆ ಪಿತ್ತ ನೆತ್ತಿಗೇರಿತು. ಆದರೆ ಅಕ್ಕ ಫೋಟೋವನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಎರಡು ಜಡೆಯ ಹುಡುಗಿ, ನಕ್ಕರೆ ವಸಡು ಕಾಣುತ್ತಿತ್ತು.

“ಗಾಳಿ ಬೀಸಿದ ದಿನ ಅವ್ನು ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಜೊತೆಗೇ ಇದ್ದ. ನನಗೆ ಕನ್ನಡಕ ಕೊಡಿಸೋಕೆ ಕರ್ಕೊಂಡು ಹೋಗಿದ್ದ” ಎಂದಳು ಅಕ್ಕ.

“ನೀವು ತಾಯಿ. ಇನ್ನೇನು ಹೇಳ್ತೀರಿ” ಎಂದಳು ಬೇಕರಿಯಾಕೆ. ಚುಚ್ಚಿ ಹೇಳಿದ್ದಲ್ಲ. ನಾನಾಗಿದ್ದರೂ ಹಾಗೇ ಹೇಳುತ್ತಿದ್ದೆ ಎನ್ನುವ ಹಾಗೆ ಹೇಳಿದಳು. “ಆದ್ರೆ ಸರಣಿ ಅಂತ ಬರ್ದಿದ್ದಾರಲ್ಲ. ಸರಣಿ ಅಂದ್ಮೇಲೆ ಮುಂಚೆನೂ ಮಾಡಿರ್ಬೇಕು. ಗೊತ್ತಿದ್ದವರನ್ನ ಕೇಳಿ ತಿಳ್ಕೊಂಡೆ. ಅಂಥವರು ಒಬ್ಬರನ್ನ ಕೊಂದು ಮನೆಗೆ ಬಂದು ಆರಾಮಾಗಿ ಊಟ ಮಾಡಿ ಮಲಗ್ತಾರಂತೆ. ಮನೆಯವರಿಗೆ ಸುಳಿವೂ ಸಿಗಲ್ವಂತೆ. ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ.”

ಅವನ ಕೋಣೆ ನೋಡಬಹುದಾ ಎಂದು ಕೇಳಿದಳು. ಪೊಲೀಸರು ಎಲ್ಲ ಕಿತ್ತು ಹಾಕಿ ಹೋಗಿದ್ದಾರೆ, ಏನೂ ಉಳಿದಿಲ್ಲ ಎಂದು ನಾನು ಹೇಳುವಷ್ಟರಲ್ಲಿ ಅಕ್ಕ ಎದ್ದು ಕೋಣೆಯ ದೀಪ ಹಾಕಿದಳು. ಬೇಕರಿಯಾಕೆ ಮಂಚದ ಕೆಳಗೆ ಬಗ್ಗಿ ನೋಡಿದಳು, ಹಾಸಿಗೆ ಎತ್ತಿ ನೋಡಿದಳು, ಕಿಟಕಿಯ ಸಂದಿಯಲ್ಲಿ ಬೆರಳು ಹಾಕಿ ಎಳೆದಳು. ಒಂದು ಹೇರ್‌ಪಿನ್ ಸಿಕ್ಕಿದ್ದರೂ ಸಾಕಿತ್ತೇನೋ. ಏನೂ ಸಿಗದೆ ಮಂಚದ ಅಂಚಿನಲ್ಲಿ ಕೂತಳು. ಹೋಗುವಾಗ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲೆ ಇಟ್ಟು ಹೋದಳು.

ಮತ್ತೆ ಬಂದಳು. ಬರುತ್ತಲೇ ಇದ್ದಳು. ಬೇಕರಿಯ ಪಾಳಿ ಮುಗಿದರೆ ನೇರ ನಮ್ಮ ಮನೆಗೆ, ಮಾರಾಟವಾಗದೆ ಉಳಿದ ಬನ್ನೋ ರಸ್ಕೋ ಹಿಡಿದುಕೊಂಡು. ಅಕ್ಕ ಟೀ ಮಾಡುವಳು. ಇಬ್ಬರೂ ಅಡುಗೆಮನೆಯ ಸಣ್ಣ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ಕೂರುವರು. ಅವನು ಯಾವ ಬಸ್ಸಿನಲ್ಲಿ ಹೋಗುತ್ತಿದ್ದ, ರಜೆಯ ದಿನ ಎಲ್ಲಿಗೆ ಹೋಗುತ್ತಿದ್ದ, ಹುಡುಗಿಯರ ವಿಷಯ ಮಾತಾಡುತ್ತಿದ್ದನಾ ಎಂದು ಆಕೆ ಕೇಳುವಳು. ಅಕ್ಕ ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಕೊಡುವಳು. ನಡುನಡುವೆ ಆಕೆಯ ಮಗಳ ವಿಷಯವೂ ಬರುತ್ತಿತ್ತು. ಹುಡುಗಿಗೆ ಬನ್ನಿನ ಮೇಲಿನ ಸಕ್ಕರೆ ಮಾತ್ರ ಇಷ್ಟವಂತೆ, ಅದನ್ನು ನೆಕ್ಕಿ ಉಳಿದದ್ದನ್ನು ಅಮ್ಮನ ತಟ್ಟೆಗೆ ಜಾರಿಸುತ್ತಿದ್ದಳಂತೆ. ಒಮ್ಮೆ ನಾನು ಬಂದಾಗ ಇಬ್ಬರೂ ಸಣ್ಣಗೆ ನಗುತ್ತಿದ್ದರು. ನನ್ನನ್ನು ನೋಡಿ ಇಬ್ಬರೂ ತಪ್ಪು ಮಾಡಿದವರಂತೆ ಸುಮ್ಮನಾದರು.

ಆಕೆ ಹೋದಮೇಲೆ ನಾನು ಅಕ್ಕನಿಗೆ ಬೈದೆ. ಮಗನ ತಲೆಗೆ ಇನ್ನೊಂದು ಹೆಣ ಕಟ್ಟೋಕೆ ಬರುವವಳಿಗೆ ಟೀ ಬೇರೆ ಮಾಡಿ ಕೊಡ್ತೀಯಲ್ಲ, ನಿನಗೆ ಬುದ್ಧಿ ಇದೆಯಾ ಎಂದೆ.

“ಬೇರೆ ಯಾರು ಬರ್ತಾರೆ ಹೇಳು” ಎಂದಳು ಅಕ್ಕ. ಆಮೇಲೆ ಲೋಟಗಳನ್ನು ತೊಳೆಯುತ್ತ, ನನ್ನ ಕಡೆ ತಿರುಗದೆ ಹೇಳಿದಳು. “ಅವತ್ತು ಅವ್ನು ಮಾಡಿದ್ದನ್ನ ನಾನು ಇಲ್ಲ ಅನ್ನಲ್ಲ ಕಣೆ. ಆ ಆರು ಜನರ ಮನೆಯವರು ಬಂದು ನನ್ನ ಮುಖಕ್ಕೆ ಉಗುಳಿದ್ರೂ ಒರೆಸ್ಕೊಂಡು ನಿಲ್ತೀನಿ. ಆ ದಿನ ಅವರದು. ಆದ್ರೆ ಆ ಒಂದು ದಿನ ಬಿಟ್ಟು ಉಳಿದ ದಿನಗಳೆಲ್ಲ ನಂದು. ಅವ್ನು ಅಂಬೆಗಾಲಿಟ್ಟದ್ದು, ಜ್ವರ ಬಂದು ನನ್ನ ಸೆರಗು ಹಿಡ್ಕೊಂಡು ಮಲಗಿದ್ದು, ಎಲ್ಲ. ಸರಣಿ ಅಂದ್ರೆ ಅವೆಲ್ಲ ಸುಳ್ಳಾಗುತ್ತೆ. ನನ್ನ ಕೈಯಿಂದ ಊಟ ಮಾಡ್ತಿದ್ದಾಗ್ಲೂ ಒಳಗೆ ಅದೇ ಇತ್ತು ಅಂತ ಆಗುತ್ತೆ. ಆಗ ನನ್ನ ಹತ್ರ ಏನು ಉಳಿಯುತ್ತೆ ಹೇಳು.”

ನೀರು ಸುರಿಯುತ್ತಲೇ ಇತ್ತು. ನಾನು ಹೋಗಿ ನಲ್ಲಿ ನಿಲ್ಲಿಸಿದೆ. ಮರುದಿನ ಅಂಗಡಿಗೆ ರಜೆ ಹಾಕಿ ಪತ್ರಿಕೆಯ ಕಚೇರಿಗೆ ಹೊರಟೆ.

ಜಗಳ ಮಾಡುವುದೆಂದು ದಾರಿಯುದ್ದಕ್ಕೂ ಮಾತು ಮಸೆದುಕೊಂಡು ಹೋಗಿದ್ದೆ. ಆದರೆ ಆ ತಲೆಬರಹ ಬರೆದವನು ಜಗಳಕ್ಕೆ ಸಿಗುವ ಆಸಾಮಿಯಾಗಿರಲಿಲ್ಲ. ಸೊಟ್ಟ ಕುರ್ಚಿಯಲ್ಲಿ ಕೂತು ಟೀಗೆ ಬಿಸ್ಕತ್ತು ಅದ್ದುತ್ತಿದ್ದ ಉಪಸಂಪಾದಕ. ನಾನು ಯಾರೆಂದು ಹೇಳಿದ ಕೂಡಲೇ ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು. ಕುರ್ಚಿ ಕೊಟ್ಟ, ನೀರು ತರಿಸಿದ. ನಾನು ಪತ್ರಿಕೆ ಬಿಡಿಸಿ ಆ ಪದದ ಮೇಲೆ ಬೆರಳಿಟ್ಟೆ.

“ಸರಣಿ ಹೇಗಾಗುತ್ತೆ ಇದು? ಅವ್ನು ಮಾಡಿದ್ದು ಒಂದೇ ದಿನ, ಒಂದೇ ಜಾಗ.”

ಅವನು ಅದನ್ನೇ ದಿಟ್ಟಿಸಿ ನೋಡಿದ. ನಿಜವಾಗಿಯೂ ಅವನಿಗೆ ಹೊಳೆದಿರಲಿಲ್ಲ. “ಮೇಡಂ, ನಾವು ಸರಣಿ ಅಪಘಾತ ಅಂತ ಬರೀತೀವಲ್ಲ, ಒಂದು ಗಾಡಿಗೆ ಹಿಂದಿಂದ ಇನ್ನೊಂದು, ಅದಕ್ಕೆ ಮತ್ತೊಂದು ಗುದ್ದಿದ್ರೆ. ಅದು ಒಂದೇ ಹೊತ್ತಿಗೆ ಆಗೋದು ತಾನೇ. ಹಾಗೇ ಒಬ್ಬರ ಹಿಂದೆ ಒಬ್ಬರು ಆರು ಜನ ಅಂತ ಕೈಗೆ ಆ ಪದ ಬಂತು. ಗಡಿಬಿಡೀಲಿ ಬೇರೆ ಯೋಚನೆ ಮಾಡ್ಲಿಲ್ಲ.”

ಅಪಘಾತಕ್ಕೆ ಬಳಸುವ ಪದವನ್ನು ಎತ್ತಿ ಇಲ್ಲಿ ಇಟ್ಟಿದ್ದ, ಅಷ್ಟೇ. ನಮ್ಮ ಭಾಷೆಯಲ್ಲಿ ಸಾಲು ರಜೆ ಬಂದರೂ ಸರಣಿ, ಬಸ್ಸುಗಳು ಗುದ್ದಿದರೂ ಸರಣಿ. ಅವನ ಬೆರಳ ತುದಿಗೆ ಬಂದ ಒಂದು ಪದ ನನ್ನ ಅಕ್ಕ ಮಗನೊಂದಿಗೆ ಕಳೆದ ಇಪ್ಪತ್ತಾರು ವರ್ಷಗಳನ್ನು ನುಂಗಿ ಕೂತಿತ್ತು.

ಪಕ್ಕದ ಮೇಜಿನಲ್ಲಿ ಅಪರಾಧ ಸುದ್ದಿಗಳ ಹಿರಿಯ ವರದಿಗಾರನಿದ್ದ. ಕಿವಿ ಇತ್ತ ಕಡೆಗೇ ಇತ್ತೆಂದು ಕಾಣುತ್ತದೆ, ಕುರ್ಚಿ ಎಳೆದುಕೊಂಡು ಬಂದ. “ಎರಡೂ ಬೇರೆ ಬೇರೆ. ಸರಣಿ ಹಂತಕ ಒಬ್ಬರನ್ನ ಕೊಲ್ತಾನೆ, ಸುಮ್ಮನಾಗ್ತಾನೆ. ಕೆಲಸಕ್ಕೆ ಹೋಗ್ತಾನೆ, ಮನೆಗೆ ಬರ್ತಾನೆ, ನಮ್ಮ ನಿಮ್ಮ ಜೊತೆ ಟೀ ಕುಡೀತಾನೆ. ತಿಂಗಳೋ ವರ್ಷವೋ ಕಳೆದು ಮತ್ತೊಬ್ಬರು. ಸಿಕ್ಕಿಬೀಳಬಾರ್ದು ಅನ್ನೋದೇ ಅವನ ಜಪ. ಇದು ಸಾಮೂಹಿಕ ಕೊಲೆ. ಒಂದೇ ಜಾಗ, ಒಂದೇ ಹೊತ್ತು. ಬಚ್ಚಿಡೋ ಮಾತೇ ಇಲ್ಲ. ತಪ್ಪಿಸ್ಕೊಳ್ಳೋ ಯೋಚನೆ ಇರೋದು ಕಡಿಮೆ, ಎಷ್ಟೋ ಜನ ಅಲ್ಲೇ ಸಾಯ್ತಾರೆ.” ಪತ್ರಿಕೆಯನ್ನು ಮಡಿಚಿ ನನ್ನ ಕಡೆ ಸರಿಸಿದ. “ಸರಣಿಯವನಿಗೆ ನಾಳೆ ಬೇಕು ಮೇಡಂ. ಇವನಿಗೆ ನಾಳೆ ಬೇಡವಾಗಿತ್ತು.”

ಅವನು ಪಾಠ ಹೇಳುವವರ ಹಾಗೆ ಸಲೀಸಾಗಿ ಹೇಳಿದ. ಹತ್ತು ಸಲ ಎಬ್ಬಿಸಿದರೂ ಏಳದ ಹುಡುಗನಿಗೆ ನಾಳೆ ಬೇಡವಾಗಿತ್ತು ಎನ್ನುವುದು ನಮ್ಮಲ್ಲಿ ಯಾರಿಗೂ ಗೊತ್ತಾಗಿರಲಿಲ್ಲ. ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವಾ ಎಂದು ಮೇಲ್ವಿಚಾರಕಿ ಕೇಳಿದ ಪ್ರಶ್ನೆ ಈ ಹೊಸ ಪದಕ್ಕೂ ಸಲ್ಲುತ್ತಿತ್ತು. ಆರು ಮನೆಗಳಲ್ಲಿ ಈ ವ್ಯತ್ಯಾಸ ಹಿಡಿದು ಏನು ಮಾಡಿಯಾರು? ಆ ಬಸುರಿಯ ಗಂಡನ ಮುಂದೆ ಹೋಗಿ, ನೋಡಪ್ಪ, ನಮ್ಮವನು ಸರಣಿ ಅಲ್ಲ, ಸಾಮೂಹಿಕ ಎಂದು ಹೇಳಲಾಗುತ್ತದೆಯೇ? ಅಷ್ಟೆಲ್ಲ ಗೊತ್ತಿದ್ದೂ ನಾನು ಕೈಮುಗಿದು, ಆ ಪದವನ್ನು ತೆಗೆಯಿರಿ ಎಂದು ಬೇಡಿಕೊಂಡೆ. ಸತ್ತವರಿಗಾಗಿ ಅಲ್ಲ, ಅಕ್ಕನಿಗಾಗಿ.

ಆಗಲಿ ಎಂದಿದ್ದ ಉಪಸಂಪಾದಕ ಮಾತಿಗೆ ತಪ್ಪಲಿಲ್ಲ. ಮುಖಪುಟದ ಮೂಲೆಯಲ್ಲೇ ಚೌಕ ಕಟ್ಟಿ ತಿದ್ದುಪಡಿ ಹಾಕಿದ. ಕಾರ್ಖಾನೆಯ ಘಟನೆಯ ಆರೋಪಿಯನ್ನು ಸರಣಿ ಹಂತಕ ಎಂದು ಕರೆದದ್ದು ತಪ್ಪು, ಇದು ಸಾಮೂಹಿಕ ಹತ್ಯೆ, ಈ ಹಿಂದೆ ಆತ ಯಾವುದೇ ಕೊಲೆ ಮಾಡಿದ್ದಕ್ಕೆ ಪುರಾವೆ ಇಲ್ಲವೆಂದು ಪೊಲೀಸರು ಸ್ಪಷ್ಟಪಡಿಸಿದ್ದಾರೆ, ಎಂದು.

ಅಕ್ಕ ಅದನ್ನು ನಿಂತೇ ಓದಿದಳು, ಕೂತು ಓದಿದಳು. ಆಮೇಲೆ ಹಸಿವಾಗ್ತಿದೆ ಕಣೆ ಎಂದಳು. ಬೆಂಕಿಯ ದಿನದಿಂದ ಆ ಮಾತು ಅವಳ ಬಾಯಲ್ಲಿ ಬಂದಿರಲಿಲ್ಲ. ಬಿಸಿ ಅನ್ನಕ್ಕೆ ಉಪ್ಪು ತುಪ್ಪ ಹಾಕಿ ಕಲಸಿಕೊಟ್ಟೆ. ತಿನ್ನುತ್ತ ತಿನ್ನುತ್ತ ಮಾತು ಶುರುಮಾಡಿದಳು, ಕಟ್ಟೆಯೊಡೆದ ಹಾಗೆ. ಅಲ್ಲಿಯವರೆಗೆ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದವಳು ಒಂದೊಂದೇ ದಿನವನ್ನು ಹೊರಗೆ ತೆಗೆದು ನನ್ನ ಮುಂದೆ ಇಟ್ಟಳು.

ಗಾಳಿ ಬೀಸಿದ ದಿನದ್ದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಹೇಳಿದಳು. ಕನ್ನಡಕದ ಅಂಗಡಿಯೊಳಗೆ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದರಂತೆ. ಹೊರಗೆ ಬೋರ್ಡುಗಳು ಕಿತ್ತು ಹಾರುತ್ತಿದ್ದವು, ಅಂಗಡಿಯವನು ಬಾಗಿಲು ಹಾಕಿಕೊಂಡು ಯಾರನ್ನೂ ಬಿಡಲಿಲ್ಲ. ಹೊಸ ಕನ್ನಡಕ ಹಾಕಿಕೊಂಡು ಅಕ್ಕ ಮೊದಲು ನೋಡಿದ್ದು ಮಗನ ಮುಖ. ಇಷ್ಟೊಂದು ಮೊಡವೆ ಯಾವಾಗ ಆಯ್ತೋ ಎಂದಳಂತೆ. ಅದಕ್ಕೆ ಅವನು, ಹತ್ತು ವರ್ಷದಿಂದ ಇದೆ, ನೀನು ಸುಮ್ಮನೆ ನನ್ನ ಮಗ ಚೆಲುವ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ, ಎಂದನಂತೆ. ಅಂಗಡಿಯವನು ನಕ್ಕು ನಕ್ಕು ಕಣ್ಣು ಒರೆಸಿಕೊಂಡನಂತೆ. ಸಂಜೆ ಗಾಳಿ ಇಳಿದ ಮೇಲೆ ಇಬ್ಬರೂ ಮುರಿದ ಕೊಂಬೆಗಳನ್ನು ದಾಟಿಕೊಂಡು ನಡೆದೇ ಮನೆಗೆ ಬಂದರು. ಅಕ್ಕ ಹಿಂದಿನಿಂದ ಅವನ ಅಂಗಿ ಹಿಡಿದುಕೊಂಡಿದ್ದಳು. ಅವನು ಚಿಕ್ಕವನಿದ್ದಾಗ ಅವಳ ಸೆರಗು ಹಿಡಿದುಕೊಂಡು ಬರುತ್ತಿದ್ದ ಹಾಗೆ.

“ಅಷ್ಟು ಸಂತೋಷವಾಗಿದ್ದ ದಿನ ಇನ್ನೊಂದಿಲ್ಲ ಕಣೆ” ಎಂದಳು ಅಕ್ಕ.

ಬೇಕರಿಯಾಕೆ ಆ ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನನಗೆ ಒಳಗೊಳಗೇ ಸಮಾಧಾನವಾಯಿತು. ಅಕ್ಕ ಮಾತ್ರ ಸಂಜೆಯಾದರೆ ಎರಡು ಲೋಟ ತೆಗೆದಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು.

ಕೊನೆಗೆ ಒಂದು ದಿನ ಬಂದಳು, ಬರಿಗೈಯಲ್ಲಿ. ಕೆಲಸಕ್ಕೆ ಹೋಗಿರಲಿಲ್ಲವೆಂದು ಕಾಣುತ್ತದೆ. ತಲೆ ಬಾಚಿರಲಿಲ್ಲ, ಕಣ್ಣಿನ ಸುತ್ತ ಕಪ್ಪು. ಕೂರಿ ಎಂದರೂ ಕೂರದೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

“ಪೇಪರ್ ಓದಿದೆ” ಎಂದಳು. “ನಿಮಗೆ ಒಳ್ಳೇದಾಯ್ತು.”

ಅಕ್ಕ ಎರಡನೆಯ ಲೋಟವನ್ನು ಮೇಜಿನ ಮೇಲಿಟ್ಟಳು.

“ನನಗೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಒಂದು ಮಾತು ಹೇಳ್ಕೊಂಡು ಹೋಗ್ತೀನಿ, ಬೇರೆ ಯಾರ ಹತ್ರ ಹೇಳ್ಲಿ. ಅವ್ಳು ಹೋದಾಗಿಂದ ನಾನು ಬಾಗಿಲಿಗೆ ಚಿಲಕ ಹಾಕಿ ಮಲಗಿಲ್ಲ. ಬಂದ್ರೆ ಕಾಯೋದು ಬೇಡ ಅಂತ. ಪೊಲೀಸರು ಯಾವನ ಜೊತೆಗೋ ಓಡಿ ಹೋಗಿರ್ತಾಳೆ ಬಿಡಮ್ಮ ಅಂತ ಕೈ ತೊಳ್ಕೊಂಡ್ರು. ಓಡಿ ಹೋದ್ಲು ಅಂದ್ರೆ ಏನರ್ಥ? ಎಲ್ಲೋ ಇದ್ದಾಳೆ, ಊಟ ಮಾಡ್ತಾಳೆ, ನಗ್ತಾಳೆ, ನನಗೊಂದು ಫೋನು ಮಾಡ್ಬೇಕು ಅಂತ ಅನ್ಸಲ್ಲ. ಅಷ್ಟು ಬೇಡವಾಗುವಂಥದ್ದು ನಾನೇನು ಮಾಡಿದ್ದೆ ಅವಳಿಗೆ?” ಆಕೆಯ ದನಿ ಏರಲಿಲ್ಲ. “ನಿಮ್ಮ ಮಗನ ಸುದ್ದಿ ಬಂದ ದಿನ, ದೇವರು ಮೆಚ್ಚದ ಮಾತು ಇದು, ನನಗೆ ನೆಮ್ಮದಿ ಆಯ್ತು. ಸತ್ತಿದ್ದಾಳೆ, ಬಿಟ್ಟು ಹೋಗಿಲ್ಲ ಅಂತ. ಅವತ್ತು ಚಿಲಕ ಹಾಕಿ ಮಲಗಿದೆ. ಬೆಳಗಾಗೋವರೆಗೂ ಎಚ್ಚರ ಆಗ್ಲಿಲ್ಲ. ಈಗ ಮತ್ತೆ ತೆಗೆದಿಟ್ಟಿದೀನಿ.”

ನಾನು ತಲೆ ತಗ್ಗಿಸಿದೆ. ಆ ತಿದ್ದುಪಡಿ ನನ್ನದೇ ಸಾಧನೆ ಎಂದು ಒಳಗೆ ಸ್ವಲ್ಪ ಹೆಮ್ಮೆಯಿಟ್ಟುಕೊಂಡಿದ್ದೆ.

ಆಕೆ ಹೊರಡಲು ತಿರುಗಿದಳು. ಆಗ ಅಕ್ಕ ಮಾತಾಡಿದಳು.

“ನಿಲ್ಲಿ. ನಿಮ್ಮ ಮಗಳನ್ನ ಕೊಂದದ್ದು ಅವನೇ.”

ನಾನು ಅಕ್ಕನ ಕೈ ಹಿಡಿದೆ. ಅವಳು ಮೆಲ್ಲಗೆ ಬಿಡಿಸಿಕೊಂಡಳು.

ಬೇಕರಿಯಾಕೆ ತಿರುಗಿ ಅವಳ ಮುಖ ನೋಡಿದಳು. “ಗಾಳಿ ಬೀಸಿದ ದಿನ ನಿಮ್ಮ ಜೊತೆಗಿದ್ದ ಅಂದ್ರಲ್ಲ. ಕನ್ನಡಕದ ಅಂಗಡಿ.”

“ಸುಳ್ಳು ಹೇಳಿದ್ದೆ. ನಾನೊಬ್ಳೇ ಹೋಗಿದ್ದೆ. ಅವ್ನು ಬೆಳಿಗ್ಗೆ ಹೋದವ್ನು ಕತ್ತಲಾದ ಮೇಲೆ ಬಂದ. ಮೈಯೆಲ್ಲ ಒದ್ದೆ. ಆಮೇಲೆ ಒಂದಿನ ಅವನೇ ಹೇಳ್ದ.”

“ಪೊಲೀಸರು ಇಲ್ಲ ಅಂದಿದ್ದಾರೆ.”

“ಅವರಿಗೇನು ಗೊತ್ತು. ನನಗೆ ಮಾತ್ರ ಹೇಳಿದ್ದ. ಹೊಳೆಗೆ ಬಿಟ್ಟೆ ಅಂದ.”

ಬೇಕರಿಯಾಕೆ ಗೋಡೆ ಹಿಡಿದುಕೊಂಡು ನಿಧಾನವಾಗಿ ನೆಲದ ಮೇಲೆ ಕೂತಳು.

“ನೋವಾಯ್ತಾ ಅವ್ಳಿಗೆ?”

“ಇಲ್ಲ ಅಂದ. ಬೇಗ ಮುಗೀತು ಅಂದ.”

“ನನ್ನ ಕರೆದ್ಲಾ?”

ಇದೇ ಪ್ರಶ್ನೆಯನ್ನು ಅಕ್ಕ ಶವಾಗಾರದ ಬಾಗಿಲಲ್ಲಿ ಇನ್ಸ್‌ಪೆಕ್ಟರಿಗೆ ಕೇಳಿದ್ದಳು. ಒಳಗಿಂದ ನನ್ನ ಮಗ ಅಮ್ಮಾ ಅಂತ ಕೂಗಿದ್ದು ಯಾರಿಗಾದ್ರೂ ಕೇಳಿಸ್ತಾ, ಎಂದು. ಇನ್ಸ್‌ಪೆಕ್ಟರು ಮುಖ ತಿರುಗಿಸಿಕೊಂಡು ಹೋಗಿದ್ದ.

“ಕರೆದ್ಲಂತೆ” ಎಂದಳು ಅಕ್ಕ. “ಅಮ್ಮಾ ಅಂದ್ಲಂತೆ. ಕೊನೆಗೆ ಅದನ್ನೇ ಅಂದ್ಲಂತೆ.”

ಬೇಕರಿಯಾಕೆ ಎದ್ದಳು. ಅಕ್ಕನ ಹತ್ತಿರ ಬಂದು ಕೈ ಎತ್ತಿದಳು. ಹೊಡೆಯಲಿ ಎಂದು ಅಕ್ಕ ಕದಲದೆ ನಿಂತಿದ್ದಳು. ಆದರೆ ಆ ಕೈ ಹಾಗೇ ಕೆಳಗಿಳಿಯಿತು. “ಇಷ್ಟು ದಿನ ಗೊತ್ತಿದ್ದೂ ನನ್ನ ಕೈಯಿಂದ ಬನ್ನು ತಿಂದ್ರಲ್ಲ” ಎಂದಳು. “ನಿಮ್ಮ ಮುಖ ನೋಡಲ್ಲ ಇನ್ಮೇಲೆ.”

ಅರ್ಧ ಮೆಟ್ಟಿಲು ಇ‍ಳಿದಿದ್ದಳೋ ಇಲ್ಲವೋ, ಆಕೆಯ ಎದೆಯೊಳಗಿಂದ ಒಂದು ಕೂಗು ಬಂತು. ಒಂದು ವರ್ಷದಿಂದ ತಡೆದಿಟ್ಟದ್ದೆಲ್ಲ ಒಟ್ಟಿಗೆ ಬಂದ ಕೂಗು. ಮಗಳ ಹೆಸರು ಹಿಡಿದು, ಸತ್ತವರಿಗಾಗಿ ಅಳುವ ಹಾಗೆ ಅಳುತ್ತ ಆಕೆ ಕಟ್ಟಡ ದಾಟಿ ಬೀದಿಗೆ ಹೋದಳು. ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು.

ನಾನು ಅಕ್ಕನ ಮೇಲೆ ಹರಿಹಾಯ್ದೆ. ನನ್ನ ಸಿಟ್ಟಿಗೆ ಆವತ್ತು ತಲೆಬುಡ ಇರಲಿಲ್ಲ. ಆ ಹುಡುಗಿ ನಾಳೆ ಬಂದು ಬಾಗಿಲು ತಟ್ಟಿದರೆ ಏನು ಮಾಡ್ತೀಯಾ ಎಂದೆ. ತಟ್ಟಲಿ, ಅದಕ್ಕಿಂತ ಒಳ್ಳೇದೇನಿದೆ, ಆಗ ಅಮ್ಮ ಮಗಳು ಇಬ್ಬರೂ ಬಂದು ನನ್ನ ಉಗೀಲಿ ಎಂದಳು. ನಾನು ಕೈಮುಗಿದು ಬೇಡಿ ಆ ಪದ ತೆಗೆಸಿದ್ದು ಯಾಕೆ ಹಾಗಾದರೆ ಎಂದೆ.

ವಾರ ಕಳೆಯುವುದರೊಳಗೆ ಆ ಪದ ಬೀದಿಗೆ ವಾಪಸು ಬಂತು. ತಾಯಿಯೇ ಬಾಯಿಬಿಟ್ಟಳಂತೆ ಎಂಬ ಪುರಾವೆ ಬೇರೆ ಸಿಕ್ಕಿತ್ತು. ಪೊಲೀಸರು ಬಂದು ಕೇಳಿದರು. ಅಕ್ಕ ನನಗೇನೂ ಗೊತ್ತಿಲ್ಲ ಎಂದು ಕೂತುಬಿಟ್ಟಳು, ಅವರು ತಲೆ ಕೆಟ್ಟಿದೆ ಎಂದುಕೊಂಡು ಹೋದರು. ಮನೆ ಮಾಲೀಕ ಖಾಲಿ ಮಾಡಿ ಎಂದ. ಬೇಕರಿಯಾಕೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾಳೆ ಎಂದು ಯಾರೋ ಹೇಳಿದರು. ನಾನು ಹೋಗಿ ದೂರದಿಂದ ನೋಡಿ ಬಂದೆ. ತಲೆ ಬಾಚಿಕೊಂಡು ಕೌಂಟರಿನಲ್ಲಿ ನಿಂತು ಬ್ರೆಡ್ಡು ಕಟ್ಟಿಕೊಡುತ್ತಿದ್ದಳು.

ಸಾಮಾನು ಕಟ್ಟುವ ದಿನ ನಾವಿಬ್ಬರೇ ಇದ್ದೆವು. ಪಾತ್ರೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತುತ್ತ ಅಕ್ಕ ಬೆಳಗಿನಿಂದ ತುಟಿ ಪಿಟಕ್ಕೆನ್ನಲಿಲ್ಲ. ಅವಳನ್ನು ಸ್ವಲ್ಪ ಮಾತಾಡಿಸೋಣ, ಒಂದು ಸಲ ನಗಿಸೋಣ ಎಂದು ನಾನೇ ಮಾತು ತೆಗೆದೆ. “ಅವತ್ತು ಗಾಳೀಲಿ ಅಂಗಡಿಯೊಳಗೆ ದೊರೆ ಏನಂದ ಅಂದೆ, ಮೊಡವೆ ಅಂದಿದ್ದಕ್ಕೆ?”

ಅಕ್ಕ ಕೈಯಲ್ಲಿದ್ದ ಲೋಟವನ್ನು ಸುತ್ತಿ ಮುಗಿಸಿ, ಪೆಟ್ಟಿಗೆಯಲ್ಲಿಟ್ಟಳು.

“ಅವ್ನು ಎಲ್ಲಿದ್ದ ಅಲ್ಲಿ” ಎಂದಳು. “ನಾನೊಬ್ಳೇ ಹೋಗಿದ್ದು ಕಣೆ ಅವತ್ತು.”